ನಾಲ್ಕನೆಯ ಮುಳುಗು

ಎಲ್ಡರ್ ದುಮ್ಲಾವೊನ ತಾಪತ್ರಯ ಶುರುವಾದದ್ದು ಅಂಗೈಯಗಲದ ಒಂದು ರಬ್ಬರ್ ಬಿರಡೆಯಿಂದ.

ನೆಗ್ರೋಸ್ ದ್ವೀಪದ ಆ ಊರಿಗೆ ನಲ್ಲಿ ನೀರು ದಿನ ಬಿಟ್ಟು ದಿನ. ಬಂದ ನೀರನ್ನೆಲ್ಲ ಬೆಳಗ್ಗೆ ಮಾರ್ಮನ್ ಚರ್ಚಿನ ದೀಕ್ಷಾಸ್ನಾನದ ತೊಟ್ಟಿಗೆ ತುಂಬಿಸಿ, ಬಿರಡೆ ಗಟ್ಟಿಯಾಗಿದೆಯೇ ಅಂತ ಎರಡು ಸಲ ಕೈಯಾಡಿಸಿ ನೋಡಿ, ಅವನು ಟೈ ಕಟ್ಟಿಕೊಳ್ಳಲು ಹೋಗಿದ್ದ. ಹತ್ತು ಗಂಟೆಗೆ ಬಂದು ನೋಡಿದರೆ ಬಿರಡೆ ಎರಡು ಹೋಳಾಗಿತ್ತು. ನೀರೆಲ್ಲ ಸೋರಿಹೋದ ತೊಟ್ಟಿಯ ತಳದಲ್ಲಿ ಒಂದು ಹಲ್ಲಿ ಆರಾಮಾಗಿ ಓಡಾಡುತ್ತಿತ್ತು.

"ಹಲ್ಲಿಗೆ ಈಜು ಬರುತ್ತೆ ನೋಡಿ ಎಲ್ಡರ್! ಎಂಥಾ ಪವಾಡ!" ಅಂದ ಅವನ ಜೊತೆಗಾರ ವೈನುಕು. ಟೋಂಗಾ ದ್ವೀಪದಿಂದ ಬಂದವನು, ಬಾಗಿಲಲ್ಲಿ ಅಡ್ಡಡ್ಡ ತೂರಬೇಕಾದಷ್ಟು ದಪ್ಪ. ಮಿಶನರಿಗಳು ಸದಾ ಇಬ್ಬಿಬ್ಬರಾಗಿಯೇ ಇರಬೇಕು, ಒಬ್ಬರನ್ನೊಬ್ಬರು ಬಿಟ್ಟಿರಬಾರದು ಎಂಬುದು ನಿಯಮ. ವೈನುಕುವಿನ ಉಲ್ಲಾಸವನ್ನು ಹಗಲೂ ರಾತ್ರಿ ಸಹಿಸಬೇಕಾದ ನಿಯಮವೂ ಅದರೊಳಗೇ ಸೇರಿಕೊಂಡಿತ್ತು.

ದುಮ್ಲಾವೊ ಹಲ್ಲು ಕಚ್ಚಿಕೊಂಡ. ಇಪ್ಪತ್ತೊಂದು ವರ್ಷದ ಹುಡುಗ. 'ಎಲ್ಡರ್' ಅಂದರೆ ಹಿರಿಯ ಎಂಬ ಬಿರುದು ಎದೆಯ ಮೇಲಿನ ಕಪ್ಪು ಬಿಲ್ಲೆಯಲ್ಲಿತ್ತೇ ಹೊರತು ಮೀಸೆಯಲ್ಲಿರಲಿಲ್ಲ. ಎರಡು ವರ್ಷದ ಸೇವೆಗೆಂದು ಮನೆ ಬಿಟ್ಟು ಬಂದವನಿಗೆ ಇನ್ನು ಉಳಿದದ್ದು ಇಪ್ಪತ್ತೆರಡೇ ದಿನ. ಇಷ್ಟು ಕಾಲದಲ್ಲಿ ಅವನಿಂದ ಒಬ್ಬರಿಗೂ ದೀಕ್ಷಾಸ್ನಾನವಾಗಿರಲಿಲ್ಲ. ದಾವಾವೊದಲ್ಲಿ ಇದೇ ಸೇವೆಯಲ್ಲಿದ್ದ ಅವನ ಚಿಕ್ಕಪ್ಪನ ಮಗ ಹದಿನಾಲ್ಕು ಜನಕ್ಕೆ ಮಾಡಿಸಿದ್ದ. ಆ ಹದಿನಾಲ್ಕನ್ನು ಅಮ್ಮ ಪ್ರತಿ ಫೋನಿನಲ್ಲೂ ಒಂದು ಸಲವಾದರೂ ಹೇಳುತ್ತಿದ್ದಳು.

ಇವತ್ತು ಕೊನೆಗೂ ಒಬ್ಬ ಸಿಕ್ಕಿದ್ದ: ಇಂತೋಯ್ ಅಜ್ಜ. ಕಡಲಂಚಿನ ಕೇರಿಯ ಮೀನುಗಾರ, ಅರವತ್ತೆಂಟು ವರ್ಷ, ನೂರ ಹತ್ತು ಕಿಲೋ. ಈ ಚರ್ಚಿನವರಿಗೆ ಕಳ್ಳು, ಸಿಗರೇಟು, ಕಾಫಿ ಮೂರೂ ನಿಷಿದ್ಧ. ಹನ್ನೊಂದು ತಿಂಗಳ ಬೆನ್ನುಹತ್ತುವಿಕೆಯಲ್ಲಿ ಮೊದಲು ಕಳ್ಳು ಬಿಟ್ಟ, ಆಮೇಲೆ ಸಿಗರೇಟು ಬಿಟ್ಟ, ಕೊನೆಗೆ ಕಣ್ಣೀರು ಹಾಕುತ್ತಾ ಕಾಫಿಯನ್ನೂ ಬಿಟ್ಟ. ಅಂಥವನಿಗೆ ಈಗ "ಮುಂದಿನ ವಾರ ಬನ್ನಿ" ಅನ್ನುವ ಧೈರ್ಯ ದುಮ್ಲಾವೊಗಿರಲಿಲ್ಲ. ಒಂದು ವಾರದಲ್ಲಿ ಎಷ್ಟು ಲೋಟ ಕಾಫಿ ಹಿಡಿಸುತ್ತದೆ ಅಂತ ಅವನಿಗೆ ಗೊತ್ತಿತ್ತು.

"ಸಮುದ್ರ ಇದೆಯಲ್ಲಾ," ಅಂದ ಚರ್ಚಿನ ಗುಮಾಸ್ತ ಬ್ರದರ್ ಎಸ್ಕಾನ್ಲರ್, ಮಿಶನ್ನಿನ ಅಧ್ಯಕ್ಷರಿಗೆ ಫೋನು ಮಾಡಿ ಒಪ್ಪಿಗೆ ತೆಗೆದುಕೊಂಡು.

ಸಮುದ್ರ ಇತ್ತು. ಆದರೆ ಇಳಿತದ ಹೊತ್ತು, ಅದು ಅರ್ಧ ಮೈಲಿ ಆಚೆ ಇತ್ತು. ನಡುವೆ ಮೊಣಕಾಲುದ್ದದ ಕೆಸರು.

ಬಿಳಿ ಬಟ್ಟೆ ತೊಟ್ಟು ಅಜ್ಜ ಮನೆಯಿಂದ ಹೊರಬಂದಾಗ ಕೇರಿಯೇ ಕಾದು ನಿಂತಿತ್ತು. ಚರ್ಚಿನಲ್ಲಿದ್ದ ಯಾವ ಬಿಳಿ ಪ್ಯಾಂಟೂ ಅವನ ತೊಡೆ ದಾಟಿರಲಿಲ್ಲವಾದ್ದರಿಂದ ಕಿರಾಣಿ ಅಂಗಡಿಯ ಚಾರಿಂಗಕ್ಕ ಮೈದಾ ಚೀಲಗಳನ್ನು ಬಿಚ್ಚಿ ಹೊಲಿದುಕೊಟ್ಟಿದ್ದಳು. ಹಿಂಭಾಗದಲ್ಲಿ 'ನಿವ್ವಳ ತೂಕ 25 ಕಿಲೋ' ಎಂಬ ನೀಲಿ ಅಕ್ಷರ ಇನ್ನೂ ಮಾಸಿರಲಿಲ್ಲ.

"ಅದು ಒಂದು ಕಡೆಯ ತೂಕ ಅಷ್ಟೇ!" ಅಂತ ಯಾರೋ ಕೂಗಿದರು.

ಕೆಸರಿನಲ್ಲಿ ಮೆರವಣಿಗೆ ಹೊರಟಿತು. ಚಾರಿಂಗಕ್ಕ ಛತ್ರಿ ಬಿಡಿಸಿ, ಪ್ಲಾಸ್ಟಿಕ್ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಹಿಂದೆಯೇ ಬಂದಳು. ನೂರು ಹೆಜ್ಜೆಗೆ ದುಮ್ಲಾವೊನ ಎಡಗಾಲಿನ ಚಪ್ಪಲಿಯನ್ನು ಕೆಸರು ನುಂಗಿತು. ಇನ್ನೂರು ಹೆಜ್ಜೆಗೆ ಬಲಗಾಲಿನದು.

"ಜೋಡಿ ಕೂಡಿತು ಎಲ್ಡರ್!" ಅಂದ ವೈನುಕು.

"ವೈನುಕು, ಒಂದು ಹತ್ತು ನಿಮಿಷ, ಹತ್ತೇ ನಿಮಿಷ, ಖುಷಿಯಾಗಿರಬೇಡ ಮಾರಾಯ!"

ಅಂತೂ ಸೊಂಟದ ಮಟ್ಟದ ನೀರು ಸಿಕ್ಕಿತು. ವೈನುಕು ಮತ್ತು ಗುಮಾಸ್ತ ಸಾಕ್ಷಿಗಳಾಗಿ ಎರಡು ಬದಿ ನಿಂತರು. ದುಮ್ಲಾವೊ ಬಲಗೈ ಎತ್ತಿ, ಎರಡು ವರ್ಷದಿಂದ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ಮಾತುಗಳನ್ನು ಹೇಳಿ, ಅಜ್ಜನನ್ನು ಹಿಂದಕ್ಕೆ ಬಾಗಿಸಿ ಮುಳುಗಿಸಿದ.

"ಹೆಬ್ಬೆರಳು ಹೊರಗಿತ್ತು!" ಕುರ್ಚಿಯಿಂದ ಚಾರಿಂಗಕ್ಕನ ದನಿ. "ಎಡಗಾಲಿಂದು! ಮೈಯೆಲ್ಲ ಮುಳುಗಬೇಕು!"

ಸಾಕ್ಷಿಗಳು ಹೌದೆಂದು ತಲೆಯಾಡಿಸಿದರು. ಮೈಯ ಒಂದು ಕೂದಲೂ ಹೊರಗಿರಬಾರದು. ಮತ್ತೆ ಮೊದಲಿಂದ.

ಎರಡನೆಯ ಸಲ ಕಾಲು ಮುಳುಗಿತು, ತಲೆ ಮುಳುಗಿತು. ಹೊಟ್ಟೆ ಮಾತ್ರ ಗಾಳಿ ತುಂಬಿದ ಟ್ಯೂಬಿನ ಹಾಗೆ ಪುಳಕ್ಕನೆ ಮೇಲೆ ಬಂತು. ಉಪ್ಪು ನೀರು, ಏನು ಮಾಡಿದರೂ ಇಳಿಯಲೊಲ್ಲದು.

"ಉಸಿರು ಬಿಡಿ ಅಜ್ಜಾ, ಪೂರ್ತಿ ಬಿಡಿ!"

"ಪೂರ್ತಿ ಬಿಟ್ರೆ ಸಾಯ್ತೀನಲ್ಲೋ ಮಗಾ!"

ಮೂರನೆಯ ಸಲ ಎಲ್ಲ ಮುಳುಗಿತು, ಕೇರಿ ಚಪ್ಪಾಳೆ ತಟ್ಟಿತು. ಗುಮಾಸ್ತ ಮಾತ್ರ ಗಂಟಲು ಸರಿಮಾಡಿಕೊಂಡ. "ಎಲ್ಡರ್, ನೀವು 'ಇಂತೋಯ್' ಅಂದ್ರಿ. ಕಾಗದದಲ್ಲಿರೋ ಪೂರ್ತಿ ಹೆಸರು ಹೇಳ್ಬೇಕಲ್ಲ."

ದುಮ್ಲಾವೊ ಆಕಾಶ ನೋಡಿದ. ಅಲ್ಲಿಂದ ಸಹಾಯವೇನೂ ಬರಲಿಲ್ಲ. ಒಂದು ಕಡಲಹಕ್ಕಿ ಹೋಯಿತು.

ನಾಲ್ಕನೆಯ ಸಲ ವೈನುಕು ನೀರಿನೊಳಗೇ ಅಜ್ಜನ ಪಾದದ ಮೇಲೆ ತನ್ನ ಪಾದ ಊರಿದ. "ಕ್ರಿಸಾಂತೊ ಬಾಯ್ಲೋಸಿಸ್..." ಅಂತ ಶುರುಮಾಡಿದ ದುಮ್ಲಾವೊ, ಮಾತು ಮುಗಿದೊಡನೆ ಕಣ್ಣುಮುಚ್ಚಿ ಮೈಭಾರವನ್ನೆಲ್ಲ ಹಾಕಿ ಬಾಗಿದ. ಅಷ್ಟರಲ್ಲೇ ಬಂದ ಅಲೆ ಇಬ್ಬರನ್ನೂ ಒಟ್ಟಿಗೆ ನುಂಗಿತು. ಅಜ್ಜ ಎದ್ದ. ಕೆಮ್ಮಿದ. ನಕ್ಕ. ಎಲ್ಲರೂ ಚಾರಿಂಗಕ್ಕನ ಕಡೆ ತಿರುಗಿದರು.

"ಆಯ್ತು," ಅಂದಳು ಅವಳು.

ದುಮ್ಲಾವೊ ಅಜ್ಜನನ್ನು ತಬ್ಬಿಕೊಂಡು ನೀರಿನಲ್ಲೇ ಅತ್ತುಬಿಟ್ಟ. ಅಂಗಾಲಿಗೆ ಚಿಪ್ಪು ಕೊಯ್ದಿತ್ತು, ಬೆನ್ನು ಹಿಡಿದುಕೊಂಡಿತ್ತು, ಕಿವಿಯಲ್ಲಿ ಮರಳು. ಆದರೆ ಒಬ್ಬ! ಎರಡು ವರ್ಷಕ್ಕೆ ಒಬ್ಬ!

ಚರ್ಚಿಗೆ ಮರಳಿ, ಒದ್ದೆ ತಲೆ ಒರೆಸಿಕೊಂಡು ಎಲ್ಲರೂ ಗುಮಾಸ್ತನ ಕಂಪ್ಯೂಟರಿನ ಸುತ್ತ ನಿಂತರು. ಕೇರಿಯವರೂ ಬಂದಿದ್ದರು, ಅನ್ನದ ಸಿಹಿಕಡುಬು ಹಂಚುತ್ತಾರೆಂಬ ಸುದ್ದಿ ಹಬ್ಬಿತ್ತು. ಗುಮಾಸ್ತ ಹೆಸರು ಒತ್ತಿದ, ಹುಟ್ಟಿದ ದಿನ ಒತ್ತಿದ. ಕನ್ನಡಕ ಮೇಲೇರಿಸಿದ. ಮತ್ತೆ ಒತ್ತಿದ.

"ಎಲ್ಡರ್, ಇವರ ಹೆಸರು ಆಗಲೇ ಇದೆ. ದೀಕ್ಷಾಸ್ನಾನ, ಸಾವಿರದ ಒಂಬೈನೂರ ಎಪ್ಪತ್ತೆಂಟು, ಏಪ್ರಿಲ್. ಇದೇ ಊರು."

ದುಮ್ಲಾವೊ ನಿಧಾನವಾಗಿ ಅಜ್ಜನ ಕಡೆ ತಿರುಗಿದ.

"ಓ ಅದಾ!" ಅಂದ ಅಜ್ಜ, ಬಾಯಿ ತುಂಬ ಕಡುಬು. "ಇಬ್ಬರು ಉದ್ದನೆಯ ಬಿಳಿ ಹುಡುಗರು ಬಂದಿದ್ರು. ಒಳ್ಳೆ ಮಕ್ಕಳು. ಬೇಡ ಅಂದ್ರೆ ಪಾಪ ಮುಖ ಸಪ್ಪಗೆ ಮಾಡ್ಕೊಳ್ಳೋರು. ಆಮೇಲೆ ಚಂಡಮಾರುತ ಬಂದು ಅವರ ಪ್ರಾರ್ಥನೆ ಹಾಲ್ ಹಾರಿಹೋಯ್ತು, ಅವರೂ ಹೋದ್ರು. ಆ ಚರ್ಚೂ ಈ ಚರ್ಚೂ ಒಂದೇನಾ?"

"ಒಂದೇ ಅಜ್ಜಾ! ಯಾಕೆ ಹೇಳಲಿಲ್ಲ?"

"ಕಳ್ಳು ಬಿಟ್ರಾ ಅಂದ್ರಿ, ಬಿಟ್ಟೆ ಅಂದೆ. ಕಾಫಿ ಬಿಟ್ರಾ ಅಂದ್ರಿ, ಬಿಟ್ಟೆ ಅಂದೆ. ಮುಂಚೆ ಮುಳುಗಿದ್ರಾ ಅಂತ ಯಾರು ಕೇಳಿದ್ರಿ?"

"ನನ್ನದೂ ಇದೆಯಾ ನೋಡಿ," ಅಂತ ಚಾರಿಂಗಕ್ಕ ತಲೆ ತೂರಿಸಿದಳು. "ರೊಸಾರಿಯೊ ಹಾವ್ಯೆರ್."

ಇತ್ತು. ಅವಳ ಅಣ್ಣನದಿತ್ತು, ದೋಣಿ ರಿಪೇರಿಯವನದಿತ್ತು, ಒಮ್ಮೆ ಈ ಎಲ್ಡರುಗಳನ್ನು ನಾಯಿ ಬಿಟ್ಟು ಓಡಿಸಿದ್ದ ಮುದುಕಿಯದೂ ಇತ್ತು. ಗುಮಾಸ್ತನ ಬೆರಳು ಕೆಳಗಿಳಿಯುತ್ತಲೇ ಹೋಯಿತು. ನಲವತ್ತೊಂದು ಹೆಸರು. ಕಡಲಂಚಿನ ಕೇರಿ ಪೂರ್ತಿ.

"ಹನ್ನೊಂದು ತಿಂಗಳು ನಿಮ್ಮ ಬಾಗಿಲು ತಟ್ಟಿದೆನಲ್ಲಕ್ಕಾ!" ದುಮ್ಲಾವೊನ ದನಿ ಕೀರಲಾಯಿತು. "ಪ್ರತಿ ಸಲ 'ನಾವು ಕ್ಯಾಥೊಲಿಕ್' ಅಂದ್ರಿ!"

"ಅದೂ ಹೌದು," ಅಂದಳು ಚಾರಿಂಗಕ್ಕ.

ಗುಮಾಸ್ತ ಮೆಲ್ಲಗೆ ಹೇಳಿದ, "ಹಾಗಾದ್ರೆ ಇವತ್ತಿನದು ನಿಮ್ಮ ಹೆಸರಿಗೆ ಬರೋದಿಲ್ಲ ಎಲ್ಡರ್. ಆದ್ರೆ ಇವರೆಲ್ಲ ನಮ್ಮವರೇ ಅಂದ್ಮೇಲೆ ಭಾನುವಾರ ಚರ್ಚಿಗೆ ಕರ್ಕೊಂಡು ಬರೋದು ನಿಮ್ಮ ಜವಾಬ್ದಾರಿ. ನಲವತ್ತೊಂದು ಜನ. ಇನ್ನೂ ಇಪ್ಪತ್ತೆರಡು ದಿನ ಇದೆಯಲ್ಲ."

ದುಮ್ಲಾವೊ ಇದ್ದ ಜಾಗದಲ್ಲೇ ನೆಲದ ಮೇಲೆ ಕುಸಿದು ಕೂತ. ಅವನ ಅಂಗಿಯಿಂದ ಸಮುದ್ರ ತೊಟ್ಟಿಕ್ಕುತ್ತಿತ್ತು. ಇಂತೋಯ್ ಅಜ್ಜ ಮೈದಾ ಚೀಲ ಸಮೇತ ಪಕ್ಕದಲ್ಲಿ ಕೂತು, ಅವನ ಹೆಗಲ ಮೇಲೆ ಕೈಯಿಟ್ಟ.

"ಬೇಜಾರು ಮಾಡ್ಕೋಬೇಡ ಮಗಾ. ಆ ಬಿಳಿ ಹುಡುಗರು ಒಂದೇ ಸಲಕ್ಕೆ ಮುಳುಗಿಸಿದ್ರು ನಿಜ. ಆದ್ರೆ ನಿನ್ನ ತಪ್ಪೇನೂ ಇಲ್ಲ. ಆಗ ನಾನು ತೆಳ್ಳಗಿದ್ದೆ."