ಗಡಿಯಾರದವರ ಹೂಂಕಾರ

ಕೂದಲೆಳೆಯಂಥ ಸ್ಪ್ರಿಂಗನ್ನು ಕಡಲೆಕಾಳಿನಷ್ಟು ಜಾಗದಲ್ಲಿ ಕೂರಿಸಬಲ್ಲ ಗಡಿಯಾರದವರು, ತಮ್ಮ ಸ್ವಂತ ಮನೆಯಲ್ಲಿ ತಮ್ಮದೊಂದು ಮಾತನ್ನು ಕೂರಿಸಲಾರದೆ ಒದ್ದಾಡಿದ ವೃತ್ತಾಂತ ಇದು. ಗಡಿಯಾರ ರಿಪೇರಿಯಲ್ಲಿ ಮೂವತ್ತೆಂಟು ವರ್ಷ ಕಣ್ಣು ಸವೆಸಿದ್ದರಿಂದ ಬೀದಿಯವರು ಅವರನ್ನು ಹಾಗೆ ಕರೆಯುತ್ತಿದ್ದರು. ಅವರ ಹುಟ್ಟುಹೆಸರು ಪಡಿತರ ಚೀಟಿಗೆ ಮಾತ್ರ ಗೊತ್ತು.

ಒಂದು ಬೆಳಿಗ್ಗೆ ಅವರ ಹೆಂಡತಿ ಅಳತೆಯ ಟೇಪು ಹಿಡಿದು, ಅವರು ರಿಪೇರಿಗೆ ಕೂರುವ ಮುಂದಿನ ಕೋಣೆಗೆ ಬಂದವಳೇ ಗೋಡೆಯಿಂದ ಗೋಡೆಗೆ ಅಳೆಯತೊಡಗಿದಳು. ಪಕ್ಕದ ಬೀದಿಯಲ್ಲಿ ಅವಳದೊಂದು ಹೊಲಿಗೆ ಅಂಗಡಿ.

“ಯಾರಿಗೆ ಅಂಗಿ ಹೊಲೀತಿದ್ದೀಯ? ಗೋಡೆಗಾ?” ಎಂದರು ಗಡಿಯಾರದವರು.

“ನಾಲ್ಕು ಮಿಷನ್ನು ಹಿಡಿಸುತ್ತಾ ನೋಡ್ತಿದ್ದೀನಿ. ಹೊಲಿಗೆ ಕ್ಲಾಸು ಇಲ್ಲೇ ಅಲ್ವಾ? ನಿಮ್ಮ ಮೇಜು ಹಿಂದಿನ ಕೋಣೆಗೆ.”

“ಯಾರು ಹೇಳಿದ್ದು?”

“ನೀವೇ. ಮೊನ್ನೆ ಫೋನಲ್ಲಿ ಕೇಳಿದ್ದಕ್ಕೆ ಹೂಂ ಅಂದ್ರಿ.”

ಗಡಿಯಾರದವರ ಎದೆಯ ಲೋಲಕ ಒಂದು ಗಳಿಗೆ ನಿಂತೇ ಹೋಯಿತು. ಮುಂದಿನ ಕೋಣೆಯ ಕಿಟಕಿಯಿಂದ ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಹದವಾದ ಬೆಳಕು ನೇರ ಮೇಜಿನ ಮೇಲೆ ಬೀಳುತ್ತದೆ. ಹಿಂದಿನ ಕೋಣೆಯಲ್ಲಿ ಹಗಲಿನಲ್ಲೇ ಕಣ್ಣಿಗೆ ಕೈ ಕಾಣುವುದಿಲ್ಲ. ಅಲ್ಲಿ ಕೂತರೆ ಮುಳ್ಳು ಯಾವುದು, ಮೊಳೆ ಯಾವುದು ಎಂದು ಮೂಗಿನಿಂದ ಮೂಸಿ ತಿಳಿಯಬೇಕು.

ಅವರು ಹೂಂ ಅಂದಿರಲಿಲ್ಲ ಎನ್ನುವ ಹಾಗೂ ಇರಲಿಲ್ಲ. ಗಡಿಯಾರ ಬಿಚ್ಚಿಟ್ಟವನು ಬಾಯಿ ಬಿಡಬಾರದು. ಉಸಿರು ತಗುಲಿದರೆ ಬಿಡಿಭಾಗಗಳು ಹಾರಿಹೋಗುತ್ತವೆ. ಹಾಗಾಗಿ ಹೆಂಡತಿ ದಿನವೂ ಹನ್ನೊಂದು ಗಂಟೆಗೆ ಅಂಗಡಿಯಿಂದ ಫೋನು ಮಾಡಿದಾಗ, ಅವರು ಅದನ್ನು ಸ್ಪೀಕರಿಗೆ ಹಾಕಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ತುಟಿ ಬಿಗಿದು, ಮೂಗಿನಲ್ಲೇ ಉತ್ತರ ಕೊಡುತ್ತಿದ್ದರು. (ಅದು ಉತ್ತರವಲ್ಲ, ಉಸಿರು ಎಂಬುದು ಅವರ ವಾದ.)

“ನಾನು ಹೇಳಿದ್ದು ಉಹೂಂ.”

“ಹೂಂ.”

“ಉಹೂಂ ಕಣೇ.”

“ನನ್ನ ಕಿವಿ ನೆಟ್ಟಗಿದೆ ರೀ.”

ಆಗಲೇ ಗಡಿಯಾರದವರ ತಲೆಯಲ್ಲಿ ಆ ದಿವ್ಯ ಆಲೋಚನೆ ಹೊಳೆದದ್ದು. ಗಡಿಯಾಚೆಯ ದೇಶದಲ್ಲಿದ್ದ ಅವರ ತಮ್ಮನ ಹತ್ತಿರ ಒಂದು ಹೊಸ ಫೋನಿತ್ತು. ಫೋನಿನಲ್ಲಿ ಆಡಿದ ಮಾತನ್ನೆಲ್ಲ ಅದರೊಳಗಿನ ಕೃತಕ ಬುದ್ಧಿ ಕೇಳಿಸಿಕೊಂಡು, ಯಾರು ಏನು ಕೇಳಿದರು, ಯಾರು ಏನು ಒಪ್ಪಿದರು ಎಂದು ಸಾರಾಂಶ ಬರೆದು ಕೊಡುತ್ತಿತ್ತು. “ಮನೆಯಲ್ಲೇ ಒಬ್ಬ ಗುಮಾಸ್ತ ಇದ್ದ ಹಾಗೆ ಅಣ್ಣ” ಎಂದು ತಮ್ಮ ಕೊಚ್ಚಿಕೊಂಡಿದ್ದ.

“ಸರಿ, ಅಂಥದ್ದೇ ಫೋನು ತರ್ತೀನಿ. ನೀನು ಇನ್ನೊಂದು ಸಲ ಕೇಳು. ಅದು ಬರೆದದ್ದೇ ತೀರ್ಮಾನ” ಎಂದರು ಗಡಿಯಾರದವರು.

“ಆಗಲಿ. ಅದಕ್ಕೆ ಕಿವಿ ಬರೋ ತನಕ ನಿಮ್ಮ ಮೇಜು ಇಲ್ಲೇ ಇರಲಿ” ಎಂದು ಹೆಂಡತಿ ಟೇಪು ಸುತ್ತಿದಳು.

ಫೋನು ಬಂತು. ಆ ಸೌಲಭ್ಯದ ಗುಂಡಿ ಒತ್ತಿದರೆ ಪರದೆಯ ಮೇಲೆ ಒಂದೇ ಸಾಲು: ನಿಮ್ಮ ಪ್ರದೇಶದಲ್ಲಿ ಸದ್ಯಕ್ಕೆ ಲಭ್ಯವಿಲ್ಲ. ಗಡಿಯಾರದವರು ಫೋನನ್ನು ಅಲ್ಲಾಡಿಸಿದರು, ಕಿವಿಗಿಟ್ಟು ಆಲಿಸಿದರು, ಕೀಲಿ ಕೊಡುವ ಜಾಗ ಹುಡುಕಿದರು. ಕೊನೆಗೆ ವಕೀಲೆಯಾದ ಮಗಳನ್ನು ಕರೆದರು.

“ಫೋನು ಕೆಟ್ಟಿಲ್ಲ ಅಪ್ಪ. ಎರಡು ಕಾನೂನು ಅಡ್ಡ ಇದೆ” ಎಂದಳು ಮಗಳು. “ಒಂದು ಖಾಸಗಿ ಮಾತಿನ ಕಾನೂನು. ಅಮ್ಮನ ಮಾತನ್ನ ಅಮ್ಮನ್ನ ಕೇಳದೆ ಬರ್ಕೊಳ್ಳೋ ಹಾಗಿಲ್ಲ.”

“ನಾನು ಅವಳ ಗಂಡ.”

“ಗಂಡಂದಿರಿಗೆ ಅದರಲ್ಲಿ ರಿಯಾಯಿತಿ ಇಲ್ಲ. ಇನ್ನೊಂದು ಪೈಪೋಟಿ ಕಾನೂನು. ಈ ಫೋನಿನ ಕಂಪನಿ ತನ್ನ ಕೃತಕ ಬುದ್ಧಿಯ ಗುಮಾಸ್ತನಿಗೆ ಫೋನೊಳಗೆ ಒಂದು ಬಾಗಿಲು ತೆಗೆದರೆ, ಬೇರೆ ಕಂಪನಿಯ ಗುಮಾಸ್ತರಿಗೂ ಅದೇ ಬಾಗಿಲು ತೆಗೀಬೇಕು. ಹಾಗೆ ತೆಗೆದರೆ ಕಳ್ಳರೂ ನುಗ್ತಾರೆ ಅಂತ ಕಂಪನಿ. ಅದು ಬರೀ ನೆಪ ಅಂತ ಸರ್ಕಾರ. ಇಬ್ಬರೂ ಪಟ್ಟು ಬಿಡ್ತಿಲ್ಲ. ಅದು ಬಗೆಹರಿಯೋವರೆಗೂ ಈ ಸೌಲಭ್ಯ ಇಲ್ಲಿಗೆ ಬಿಡಲ್ಲ ಅಂತ ಕಂಪನಿ ಕೂತಿದೆ.”

“ಅವರ ಜಗಳದಲ್ಲಿ ನನ್ನ ಕಿಟಕಿ ಹೋಗಬೇಕಾ?”

“ಜಗಳ ನಡೀತಿರೋದಕ್ಕೇ ನಿಮ್ಮ ಕಿಟಕಿ ಉಳಿದಿದೆ ಅಪ್ಪ. ಸುಮ್ಮನಿರಿ.”

ಇಂಥ ಹಿತವಚನ ಕೇಳುವ ಜಾಯಮಾನ ಅವರದಲ್ಲ. ಕೂಡಲೇ ಕಾಗದ ತೆಗೆದು ಸರ್ಕಾರದ ಕಚೇರಿಗೆ ಒಂದು ಮಹಾಮನವಿ ಬರೆದರು: ‘ಒಬ್ಬ ಪ್ರಾಮಾಣಿಕ ಗೃಹಸ್ಥನ ನ್ಯಾಯಕ್ಕೆ ತಮ್ಮ ಕಾನೂನು ಅಡ್ಡಗಾಲು ಹಾಕಿದೆ.’ ವಾರಕ್ಕೊಂದರಂತೆ ಹದಿನಾಲ್ಕು ಕಾಗದ ಹೋದವು. ಬರೆದದ್ದೆಲ್ಲ ಆ ಕಿಟಕಿಯ ಬೆಳಕಿನಲ್ಲೇ. ಅತ್ತ ಹೆಂಡತಿ ತನ್ನ ಅಂಗಡಿಯ ಇಕ್ಕಟ್ಟಿನಲ್ಲಿ ಇಬ್ಬಿಬ್ಬರಿಗೆ ಪಾಠ ಹೇಳುತ್ತ, ಇನ್ನು ಸೇರಲು ಬಂದವರನ್ನು ಬಾಗಿಲಿಂದಲೇ ಹಿಂದಕ್ಕೆ ಕಳಿಸುತ್ತಿದ್ದಳು. ಒಂದು ದಿನವೂ ಅವಸರ ಮಾಡಲಿಲ್ಲ.

ಹದಿನೈದನೆಯ ವಾರ ಕಂಪನಿಗೂ ಸರ್ಕಾರಕ್ಕೂ ರಾಜಿಯಾಯಿತು. ಕಂಪನಿ ಬಾಗಿಲು ತೆರೆಯಿತು. ಬೇರೆ ನಾಲ್ಕು ಕಂಪನಿಗಳ ಗುಮಾಸ್ತರೂ ಫೋನೊಳಗೆ ಬಂದು ಕೂತರು. ಬರೆದುಕೊಳ್ಳುವ ಮುಂಚೆ ಇಬ್ಬರನ್ನೂ ಕೇಳಬೇಕೆಂದೂ ಆಯಿತು. ಇದೆಲ್ಲ ತಮ್ಮ ಕಾಗದಗಳ ಪ್ರಭಾವವೆಂದು ಗಡಿಯಾರದವರು ಬೀದಿಗೆಲ್ಲ ಸಾರಿದರು.

ಮರುದಿನ ಹನ್ನೊಂದಕ್ಕೆ ಫೋನು ಬಂತು. “ಈ ಮಾತುಕತೆ ಬರೆದಿಡಲು ಇಬ್ಬರ ಒಪ್ಪಿಗೆ ಬೇಕು” ಎಂದಿತು ಯಂತ್ರದ ದನಿ. “ಒಪ್ಪಿದೆ” ಎಂದಳು ಹೆಂಡತಿ. “ಧಾರಾಳವಾಗಿ ಒಪ್ಪಿದೆ” ಎಂದು ಬಾಯಿತುಂಬ ಹೇಳಿ, ಗಡಿಯಾರದವರು ಕೆಲಸಕ್ಕೆ ಕೂತರು. ಕ್ಲಾಸಿನ ಮಾತು ಬಂದ ಕೂಡಲೇ ಸ್ಪಷ್ಟ ಕನ್ನಡದಲ್ಲಿ ‘ಸಾಧ್ಯವಿಲ್ಲ’ ಎನ್ನಬೇಕೆಂದು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದರು.

ಆದರೆ ಆ ದಿನ ಮೇಜಿನ ಮೇಲಿದ್ದದ್ದು ಒಂದು ಹೆಂಗಸರ ಕೈಗಡಿಯಾರ. ಅದರ ಸ್ಪ್ರಿಂಗು ಮಹಾ ತಂಟೆಯದು. ಹೆಂಡತಿ ಗುಂಡಿಯ ವಿಷಯ ಹೇಳಿದಳು, ದಾರದ ವಿಷಯ ಹೇಳಿದಳು, ಯಾರೋ ಅಳತೆ ಕೊಟ್ಟಮೇಲೆ ದಪ್ಪಗಾದ ವಿಷಯ ಹೇಳಿದಳು. ಸ್ಪ್ರಿಂಗು ಚಿಮಟದ ತುದಿಗೆ ಬಂತು. ಗಡಿಯಾರದವರು ಉಸಿರು ಬಿಗಿಹಿಡಿದರು. ಪ್ರಪಂಚವೇ ಮರೆತುಹೋಯಿತು. ಸ್ಪ್ರಿಂಗು ಕೂತಿತು. ಫೋನೂ ಮುಗಿದಿತ್ತು.

“ಕೇಳಲೇ ಇಲ್ಲ ಅವಳು, ಹೆದರಿದಳು” ಎಂದು ಮೀಸೆ ತಿರುವಿ ಸಾರಾಂಶ ತೆರೆದರು. ಅಲ್ಲಿ ಹೀಗಿತ್ತು: ‘ಮುಂದಿನ ಕೋಣೆಯಲ್ಲಿ ಹೊಲಿಗೆ ಕ್ಲಾಸು. ಪತ್ನಿ ಮೂರು ಬಾರಿ ಕೇಳಿದರು. ಪತಿ ಮೂರು ಬಾರಿಯೂ ಹೂಂ ಎಂದರು. ನಿಜವಾಗಿಯೂ ಕೇಳಿಸಿಕೊಳ್ಳುತ್ತಿದ್ದೀರಾ ಎಂಬ ಪ್ರಶ್ನೆಗೂ ಹೂಂ ಎಂದರು.’

ಸಂಜೆ ನ್ಯಾಯಪೀಠ ಕೂಡಿತು. ಮಗಳೂ ಇದ್ದಳು.

“ಇವನು ಕಂಪನಿಯ ಮನುಷ್ಯ, ಇವನ ಮಾತು ನಂಬೋಕಾಗಲ್ಲ” ಎಂದರು ಗಡಿಯಾರದವರು. “ಬೇರೆಯವರನ್ನೂ ಕೇಳೋಣ. ಕಾನೂನೇ ಹಕ್ಕು ಕೊಟ್ಟಿದೆ.”

ಅದೇ ಧ್ವನಿಮುದ್ರಣವನ್ನು ಮಗಳು ಉಳಿದ ನಾಲ್ವರಿಗೂ ಕೇಳಿಸಿದಳು. ಎರಡನೆಯ ಗುಮಾಸ್ತ ‘ಪತಿ ಒಪ್ಪಿದರು’ ಎಂದು ಬರೆದ. ಮೂರನೆಯವನು ‘ಸಂತೋಷದಿಂದ ಒಪ್ಪಿದರು’ ಎಂದ. ನಾಲ್ಕನೆಯವನು ಒಂದು ಹೆಜ್ಜೆ ಮುಂದೆ ಹೋಗಿ ‘ಮೇಜು ಸಾಗಿಸಲು ಜನ ಬೇಕೇ?’ ಎಂದು ವಿಚಾರಿಸಿದ. ಐದನೆಯವನು ಮಾತ್ರ ಬರೆದ: ‘ಪತಿಯ ಲಕ್ಷ್ಯ ಈ ಮಾತುಕತೆಯಲ್ಲಿ ಇದ್ದಂತಿಲ್ಲ. ಇದನ್ನು ಒಪ್ಪಿಗೆ ಎನ್ನಲಾಗದು.’

“ನೋಡು” ಎಂದು ಗಡಿಯಾರದವರು ಎದ್ದು ನಿಂತರು. “ಇವನೊಬ್ಬ ಸತ್ಯವಂತ. ಒಪ್ಪಿಗೆಯೇ ಅಲ್ಲವಂತೆ.”

“ಕಾನೂನು ಪ್ರಕಾರ ಅದು ನಿಲ್ಲುತ್ತೆ ಅಮ್ಮ” ಎಂದಳು ಮಗಳು. “ಮನಸ್ಸಿಟ್ಟು ಕೊಡದ ಒಪ್ಪಿಗೆ ಒಪ್ಪಿಗೆಯಲ್ಲ. ಕೋಣೆ ಅಪ್ಪಂದೇ.”

ಹೆಂಡತಿ ಕನ್ನಡಕ ಸರಿಮಾಡಿಕೊಂಡು ಆ ಸಾಲನ್ನು ನಿಧಾನವಾಗಿ ಓದಿದಳು.

“ನಿಲ್ಲಲಿ” ಎಂದಳು. “ಹಾಗಾದರೆ ಮೂವತ್ತು ವರ್ಷದಿಂದ ನಾನು ದಿನಾ ಹನ್ನೊಂದು ಗಂಟೆಗೆ ಮಾತಾಡಿದ್ದು ಗೋಡೆ ಜೊತೆ ಅಂತಾಯ್ತು. ಬೇರೇನಿಲ್ಲ ರೀ, ಅದನ್ನೊಂದು ನಿಮ್ಮ ಬಾಯಲ್ಲೇ ಹೇಳಿಬಿಡಿ. ನಾನು ಹೇಳಿದ್ದು ಕಿವಿಗೇ ಬೀಳಲಿಲ್ಲ ಅಂತ. ಕೋಣೆ ನೀವೇ ಇಟ್ಕೊಳ್ಳಿ.”

ಗಡಿಯಾರದವರು ಹೆಂಡತಿಯ ಮುಖ ನೋಡಿದರು, ಕಿಟಕಿ ನೋಡಿದರು. ಮಗಳು ಚಾವಣಿ ನೋಡುತ್ತಿದ್ದಳು.

“ಯಾವನೇ ಹೇಳಿದ್ದು ಕೇಳಿಸಲಿಲ್ಲ ಅಂತ?” ಎಂದು ಅವರು ಬಗ್ಗಿ ಮೇಜಿನ ಒಂದು ತುದಿ ಎತ್ತಿದರು. “ಒಂದೊಂದು ಅಕ್ಷರವೂ ಕೇಳಿಸ್ಕೊಂಡೇ ಹೂಂ ಅಂದಿದ್ದು. ಆ ಕಡೆ ಹಿಡಿ, ಸಾಗಿಸೋಣ.”