ಮೇಲೆ ಬಂತಾ, ಕೆಳಗೆ ಹೋಯ್ತಾ?

ಧನಲಕ್ಷ್ಮಿ: ಕುಂಕುಮ ನಾನಿಟ್ಟಿಲ್ಲ ಅಂದೆನಲ್ಲ. ಎಷ್ಟು ಸಲ ಹೇಳ್ಬೇಕು?

ಮುನಿರಾಜ್: ನಾನಿಟ್ಟಿದ್ದು ಎರಡು ವೈರ್‌ಗೆ. ಈಗ ನೋಡಿದ್ರೆ ನಾಲ್ಕಕ್ಕೂ ಇದೆ. ಅವೇ ಎದ್ದು ಸ್ನಾನ ಮಾಡಿ ಹಚ್ಕೊಂಡ್ವಾ?

ದೊಡ್ಡನೆಕ್ಕುಂದಿಯ ಆ ಮನೆಯ ಅಂಗಳದಲ್ಲಿ ಮುನಿರಾಜ್‌ನ ಹಳೇ ಕಾರು ಬಾಗಿಲು, ಡಿಕ್ಕಿ ಎಲ್ಲ ತೆರೆದುಕೊಂಡು ನಿಂತಿತ್ತು. ಹಿಂದಿನ ಸೀಟಿನ ಹಿಂದಿರುವ ಹಲಗೆಯಲ್ಲಿ ಎಡಕ್ಕೊಂದು ಬಲಕ್ಕೊಂದು ಹೊಸ ಸ್ಪೀಕರ್ ಕೂರಿಸಿ, ವೈರ್‌ಗಳನ್ನು ಕಾರ್ಪೆಟ್ಟಿನ ಕೆಳಗೆ ತೂರಿಸಿ, ಮುಂದಿನ ಸ್ಟೀರಿಯೊ ತನಕ ಎಳೆದು ತಂದಿದ್ದ. ನಾಲ್ಕೂ ಕಪ್ಪು ವೈರು. ಯಾವುದು ಪ್ಲಸ್ಸು, ಯಾವುದು ಮೈನಸ್ಸು ಎಂದು ಗುರುತು ಹಾಕಲು ಟೇಪು ಸಿಗದೆ, ಪ್ಲಸ್ ಎರಡರ ತುದಿಗೆ ದೇವರ ಮನೆಯ ಕುಂಕುಮ ಹಚ್ಚಿ ಊಟಕ್ಕೆ ಹೋಗಿದ್ದ. ಮುದ್ದೆ ಮುಗಿಸಿ ಬಂದು ನೋಡಿದರೆ ನಾಲ್ಕೂ ಮುತ್ತೈದೆಯರಾಗಿ ಕೂತಿದ್ದವು.

ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅವನ ತಾಯಿ ಪಟಾಲಮ್ಮ ತಲೆ ಎತ್ತಿದರು.

ಪಟಾಲಮ್ಮ: ನಾನೇ ಇಟ್ಟೆ ಕಣಪ್ಪ. ಹೊಸ ಸಾಮಾನು. ನೀನು ಎರಡಕ್ಕಿಟ್ಟು ಎರಡನ್ನ ಬರೀ ಹಣೇಲಿ ಬಿಟ್ಟಿದ್ದೆ. ನೋಡಕ್ಕಾಗ್ಲಿಲ್ಲ.

ಮುನಿರಾಜ್: ಅಮ್ಮ, ಅದು ಪೂಜೆ ಅಲ್ಲ. ಗುರುತು.

ಪಟಾಲಮ್ಮ: ಕುಂಕುಮ ಯಾರಾದ್ರೂ ಗುರುತಿಗೆ ಇಡ್ತಾರೇನೋ? ಒಳಗೆ ಸುಣ್ಣ ಇರ್ಲಿಲ್ವಾ?

ಮುನಿರಾಜ್‌ನ ಹೆಂಡತಿ ಧನಲಕ್ಷ್ಮಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಗು ಬಂದಿದ್ದೇನೋ ನಿಜ, ಆದರೆ ಮನಸ್ಸಿನಲ್ಲಿ ನಗುವಂಥದ್ದೇನೂ ಇರಲಿಲ್ಲ. ಭಾನುವಾರ ಅವಳ ತಮ್ಮ ವಸಂತನ ಗೃಹಪ್ರವೇಶ, ಕೆ.ಆರ್. ಪುರದಲ್ಲಿ. ಅಪ್ಪ ಅಮ್ಮ ಇಲ್ಲದ ಅವಳಿಗೆ ತವರು ಅಂತ ಉಳಿದಿದ್ದವನು ಅವನೊಬ್ಬನೇ. ಆ ಪುಣ್ಯಾತ್ಮ ಊರಿಗೆಲ್ಲ ಕರೆಯುವ ಗಡಿಬಿಡಿಯಲ್ಲಿ ಅಕ್ಕ ಭಾವನಿಗೂ ಆಮಂತ್ರಣವನ್ನು ಫ್ಯಾಮಿಲಿ ಗ್ರೂಪಿನಲ್ಲೇ ಹಾಕಿ ಕೈ ತೊಳೆದುಕೊಂಡಿದ್ದ. ಮುನಿರಾಜ್ ಗ್ರೂಪಿನಿಂದಲೇ ಎದ್ದು ಹೋಗಿದ್ದ. ಬಾಗಿಲಿಗೆ ಬಂದು ಕುಂಕುಮ ಕೊಟ್ಟು ಕರೆಯದೆ ಹೆಜ್ಜೆ ಇಡುವುದಿಲ್ಲ ಎಂದು ಇವನ ಹಟ. ಗ್ರೂಪು ಬಿಟ್ಟು ಮರ್ಯಾದೆ ಕಳೆದಿದ್ದಾರೆ, ಭಾವನೇ ಒಂದು ಫೋನ್ ಮಾಡಲಿ, ಓಡಿ ಬರುತ್ತೇನೆ ಎಂದು ಅವನ ಹಟ. ನಡುವೆ ಧನಲಕ್ಷ್ಮಿ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಗಂಡನನ್ನು ಬಿಟ್ಟು ಒಬ್ಬಳೇ ಹೋಗಿ ತಮ್ಮನ ಹೊಸ್ತಿಲು ದಾಟಲು ಅವಳಿಗೆ ಮನಸ್ಸಿರಲಿಲ್ಲ.

ಇನ್ನೊಂದು ವಿಷಯವೆಂದರೆ ವಸಂತ ಮಾಡುತ್ತಿದ್ದುದು ಇದೇ ಕೆಲಸ. ಶಿವಾಜಿನಗರದಲ್ಲಿ ಕಾರಿಗೆ ಸೀಟು ಕವರು, ಸ್ಪೀಕರು ಹಾಕುವ ಅಂಗಡಿಯಲ್ಲಿ ಅವನಿದ್ದ.

ಧನಲಕ್ಷ್ಮಿ: ವಸಂತನಿಗೆ ಒಂದು ಫೋನ್ ಮಾಡಿದ್ರೆ ಮುಗೀತು.

ಮುನಿರಾಜ್: ಅವನನ್ನ ಕೇಳಿ ನಾನು ಕಾರ್ ಓಡಿಸ್ತಿದೀನಾ? ಹೋಗು, ಗೋಡೆ ಗಡಿಯಾರದ ಸೆಲ್ ತಗೊಂಬಾ.

ಧನಲಕ್ಷ್ಮಿ: ಗಡಿಯಾರ ನಿಂತೋಗುತ್ತಲ್ರೀ.

ಮುನಿರಾಜ್: ನಿಲ್ಲಲಿ. ಭಾನುವಾರ ನಿಧಾನಕ್ಕೆ ಬರುತ್ತೆ.

ಸೆಲ್ ಬಂತು. ಮುನಿರಾಜ್ ಮುಂದಿನ ಸೀಟಿನಲ್ಲಿ ವೈರ್ ಹಿಡಿದು ಕೂತ. ಧನಲಕ್ಷ್ಮಿ ಡಿಕ್ಕಿಯ ಹಿಂದೆ ಬಗ್ಗಿ ನಿಂತಳು.

ಮುನಿರಾಜ್: ನೋಡು, ಸೆಲ್ಲಿನ ಪ್ಲಸ್ ತಲೆ ಯಾವ ವೈರ್‌ಗೆ ತಾಕಿದಾಗ ಸ್ಪೀಕರಿನ ಹೊಟ್ಟೆ ಮೇಲೆ ಬರುತ್ತೋ, ಅದೇ ಪ್ಲಸ್ಸು. ಕೆಳಗೆ ಹೋದ್ರೆ ಉಲ್ಟಾ. ನಾನು ಮುಟ್ಟಿಸ್ತೀನಿ, ನೀನು ನೋಡಿ ಹೇಳು.

ಧನಲಕ್ಷ್ಮಿ: ಉಲ್ಟಾ ಕಟ್ಟಿದ್ರೆ ಏನು, ಸುಟ್ಟೋಗುತ್ತಾ?

ಮುನಿರಾಜ್: ಸುಡಲ್ಲ. ಎರಡೂ ಹಾಡ್ತವೆ. ಆದ್ರೆ ಒಂದು ತಳ್ಳೋವಾಗ ಇನ್ನೊಂದು ಎಳೆಯುತ್ತೆ. ದಮ್ಮೇ ಇರಲ್ಲ.

ಸುಡುವುದಿಲ್ಲ ಎಂಬುದೊಂದೇ ಧನಲಕ್ಷ್ಮಿಯ ಕಿವಿಯಲ್ಲಿ ಉಳಿಯಿತು.

ಮುನಿರಾಜ್: ಬಲಗಡೆದು. ಮೇಲೆ ಬಂತಾ, ಕೆಳಗೆ ಹೋಯ್ತಾ?

ಧನಲಕ್ಷ್ಮಿ: ಮೇಲೆ.

ಮುನಿರಾಜ್: ಎಡಗಡೆದು.

ಟಪ್ ಎಂದು ಸದ್ದಾಗಿ ಎಡಗಡೆಯ ಸ್ಪೀಕರ್ ಉಬ್ಬಿ ಮೇಲೆ ಬಂತು. ಹೊಸದಾಗಿ ಉಬ್ಬಿದ ಪೂರಿಯಷ್ಟೇ ಸ್ಪಷ್ಟವಾಗಿ ಬಂತು. ಧನಲಕ್ಷ್ಮಿ ಅದನ್ನು ನೋಡಿದಳು.

ಧನಲಕ್ಷ್ಮಿ: ಕೆಳಗೆ.

ಮುನಿರಾಜ್: ಸರಿಯಾಗಿ ನೋಡಿದ್ಯಾ?

ಧನಲಕ್ಷ್ಮಿ: ಕಣ್ಣಿಲ್ವಾ ನಂಗೆ? ಕೆಳಗೇ ಹೋಯ್ತು.

ಮದುವೆಯಾದಾಗಿನಿಂದ ಗಂಡನಿಗೆ ಸೀರೆಯ ಬೆಲೆ ಬಿಟ್ಟರೆ ಬೇರೆ ಸುಳ್ಳು ಹೇಳಿದವಳಲ್ಲ. ಮುನಿರಾಜ್ ಎದುರಿನ ಕನ್ನಡಿಯತ್ತ ಒಮ್ಮೆ ಕಣ್ಣು ಹಾಯಿಸಿ, ಅವಳು ಹೇಳಿದ ಹಾಗೆಯೇ ವೈರ್ ತಿರುಗಿಸಿ ಕಟ್ಟಿದ. ಫೋನಿನಿಂದ ತಮಟೆಯ ಹಾಡೊಂದು ಹಾಕಿದ. ತಮಟೆ ಎಂಬ ತಮಟೆ ಬಕೆಟ್ಟಿನ ತಳ ಕುಟ್ಟಿದ ಹಾಗೆ ಕೇಳಿಸಿತು.

ಪಟಾಲಮ್ಮ: ಪಾಪ, ಬಾರಿಸೋನು ಊಟ ಮಾಡಿಲ್ಲ ಅನ್ಸುತ್ತೆ.

ಮುನಿರಾಜ್ ಗುಂಡಿ ತಿರುಗಿಸಿ ಎಡಗಡೆಯದನ್ನು ಮಾತ್ರ ಹಾಡಿಸಿದ, ಚೆನ್ನಾಗಿತ್ತು. ಬಲಗಡೆಯದನ್ನು ಹಾಡಿಸಿದ, ಅದೂ ಚೆನ್ನಾಗಿತ್ತು. ಎರಡನ್ನೂ ಸೇರಿಸಿದ ಕೂಡಲೇ ಮತ್ತೆ ಬಕೆಟ್ಟು.

ಧನಲಕ್ಷ್ಮಿ: ನೀವೂ ವಸಂತನೂ ಥೇಟ್ ಹಿಂಗೇ. ಒಬ್ಬೊಬ್ರೇ ಇದ್ರೆ ಬಂಗಾರ. ಜೊತೆಗೆ ಕೂರಿಸಿದ್ರೆ ಯಾಕಾದ್ರೂ ಕೂರಿಸಿದ್ವಪ್ಪಾ ಅನ್ಸುತ್ತೆ.

ಮುನಿರಾಜ್: ಸ್ಪೀಕರ್ ವಿಷ್ಯ ಮಾತಾಡು.

ಧನಲಕ್ಷ್ಮಿ: ಸ್ಪೀಕರ್ ವಿಷ್ಯಾನೇ ಮಾತಾಡ್ತಿರೋದು. ಅವನಿಗೆ ಫೋನ್ ಮಾಡಿ.

ಮುನಿರಾಜ್ ಗೊಣಗಿದ. ಬೇರೆ ಅಂಗಡಿಗೆ ಹೋಗುತ್ತೇನೆ ಎಂದ. ಈ ಹೊತ್ತಿನಲ್ಲಿ ರಿಂಗ್ ರೋಡಿಗಿಳಿದರೆ ಭಾನುವಾರಕ್ಕೂ ಮನೆ ಸೇರುವುದಿಲ್ಲ ಎಂದು ಹೆಂಡತಿ ನೆನಪಿಸಿದಳು. ಸ್ಪೀಕರನ್ನೇ ಕಿತ್ತು ಹಾಕುತ್ತೇನೆ ಎಂದ. ಪೂಜೆ ಆದ ಸಾಮಾನು ಕೀಳಬಾರದು ಎಂದು ತಾಯಿ ಅಡ್ಡಗಾಲು ಹಾಕಿದರು. ಕೊನೆಗೆ, ಕಹಿ ಮಾತ್ರೆ ನುಂಗುವ ಮುಖ ಮಾಡಿಕೊಂಡು ಫೋನ್ ತೆಗೆದ.

ಮುನಿರಾಜ್: ವಸಂತ, ಇದು ಮನೆ ವಿಷ್ಯದ ಫೋನ್ ಅಲ್ಲ. ಎರಡು ಸ್ಪೀಕರ್ ಜಗಳ ಆಡ್ತಿದಾವೆ. ಏನು ಮಾಡೋದು ಹೇಳು, ಇಡ್ತೀನಿ.

ವಸಂತ: ಫೋನಲ್ಲಿ ಹೇಳಿದ್ರೆ ತಿಳಿಯಲ್ಲ ಭಾವ. ಇರಿ, ಬಂದೆ.

ಅವನು ಬಂದ ವೇಗ ನೋಡಿದರೆ ಕೆ.ಆರ್. ಪುರದ ಸೇತುವೆಯ ಮೇಲಿನ ಗಾಡಿಗಳೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಟ್ಟಿರಬೇಕು. ಸ್ಕೂಟರಿನ ಹಿಂದೆ ಅವನ ಹೆಂಡತಿ ಹಂಸ ರೇಷ್ಮೆ ಸೀರೆ ಉಟ್ಟು, ತಟ್ಟೆಯಲ್ಲಿ ಎಲೆ ಅಡಿಕೆ, ಕುಂಕುಮದ ಭರಣಿ ಹಿಡಿದು ಕೂತಿದ್ದಳು. ಸ್ಪೀಕರ್ ರಿಪೇರಿಗೆ ಹಾಗೆ ಬರುವ ಪದ್ಧತಿ ಊರಿನಲ್ಲಿ ಎಲ್ಲೂ ಇಲ್ಲ. ಧನಲಕ್ಷ್ಮಿಗೆ ಕಣ್ಣು ತುಂಬಿ ಬಂತು. ಮುನಿರಾಜ್ ಮಾತ್ರ ತಟ್ಟೆ ಕಾಣಲೇ ಇಲ್ಲವೇನೋ ಎಂಬಂತೆ ಕಾರಿನ ಚಕ್ರ ನೋಡುತ್ತಿದ್ದ.

ವಸಂತ ಸೆಲ್ ಹಿಡಿದು ಒಂದು ಸಲ ಮುಟ್ಟಿಸಿದ. ಎದ್ದ.

ವಸಂತ: ಎಡಗಡೆದು ಉಲ್ಟಾ ಕಟ್ಟಿದೀರ ಭಾವ. ಮೈನಸ್ಸಿಗೆ ಕಟ್ಟಿರೋ ವೈರ್‌ಗೆ ಮುಟ್ಟಿಸಿದ್ರೆ ಕುರುಡನಿಗೂ ಕಾಣೋ ಹಂಗೆ ಮೇಲೆ ಬರ್ತಿದೆ. ಇದನ್ನ ಕೆಳಗೆ ಅಂತ ಹೇಳ್ದೋರು ಯಾರು?

ಧನಲಕ್ಷ್ಮಿ ಅವರೆಕಾಯಿಯ ಮೊರದ ಮುಂದೆ ಕೂತು ಸಿಪ್ಪೆಯಲ್ಲಿ ಕಾಳು ಹುಡುಕತೊಡಗಿದಳು.

ಮುನಿರಾಜ್: ನಾನೇ. ಕನ್ನಡಕ ಹಾಕಿರ್ಲಿಲ್ಲ.

ವಸಂತ ವೈರ್ ತಿರುಗಿಸಿ ಕಟ್ಟಿದ. ತಮಟೆ ಎದ್ದು ಕೂತಿತು. ಮೇಲಿನ ಬಾಡಿಗೆ ಮನೆಯ ಸುಭದ್ರಮ್ಮ ಕಿಟಕಿ ತೆರೆದು ನೋಡುವಷ್ಟು ದಮ್ಮಿತ್ತು. ಹಂಸ ಧನಲಕ್ಷ್ಮಿಗೂ ಪಟಾಲಮ್ಮನಿಗೂ ಕುಂಕುಮ ಕೊಟ್ಟಳು. ವಸಂತ ಎಲೆ ಅಡಿಕೆ ಮುಂದೆ ಹಿಡಿದು, ಮೊದಲು ನೀವಿಬ್ಬರು ಹೊಸ್ತಿಲು ದಾಟಬೇಕು, ಆಮೇಲೆ ಮಿಕ್ಕವರು ಎಂದ. ಮುನಿರಾಜ್ ನೋಡೋಣ, ಪುರಸೊತ್ತಾದರೆ ಎಂದು ದೊಡ್ಡಸ್ತಿಕೆ ತೋರಿಸಿದ. ಮರುಕ್ಷಣವೇ ಹಸು ಒಳಗೆ ತರುವುದು ಎಷ್ಟು ಗಂಟೆಗೆ, ಅದಕ್ಕೂ ಮುಂಚೆ ಬರಬೇಕಲ್ಲ ಎಂದು ಕೇಳಿದ.

ಕಾಫಿ ಕುಡಿದು ಅವರು ಹೊರಟ ಮೇಲೆ ಧನಲಕ್ಷ್ಮಿ ಗಂಡನ ಪಕ್ಕ ಬಂದು ನಿಂತಳು.

ಧನಲಕ್ಷ್ಮಿ: ರೀ, ನಿಮ್ಗೆ ಕನ್ನಡಕಾನೇ ಇಲ್ವಲ್ಲ.

ಮುನಿರಾಜ್: ಇಲ್ಲ.

ಧನಲಕ್ಷ್ಮಿ: ಹಂಗಾದ್ರೆ ಗೊತ್ತಿತ್ತಾ?

ಮುನಿರಾಜ್: ಎದುರಿನ ಕನ್ನಡೀಲಿ ನಿನ್ನ ಮುಖ ಕಾಣ್ತಿತ್ತು ಕಣೇ. ನೀನು ಸ್ಪೀಕರ್ ನೋಡ್ದೆ, ಅಮ್ಮನ್ನ ನೋಡ್ದೆ, ಆಕಾಶ ನೋಡ್ದೆ, ಆಮೇಲೆ ಕೆಳಗೆ ಅಂದೆ.

ಧನಲಕ್ಷ್ಮಿ: ಗೊತ್ತಿದ್ದೂ ಯಾಕೆ ಉಲ್ಟಾ ಕಟ್ಟಿದ್ರಿ?

ಮುನಿರಾಜ್: ನೀನು ಮೇಲೆ ಅಂದಿದ್ರೂ ಉಲ್ಟಾನೇ ಕಟ್ತಿದ್ದೆ. ಸುಮ್ಸುಮ್ನೆ ಅವನಿಗೆ ಫೋನ್ ಮಾಡಕ್ಕಾಗುತ್ತಾ?