ಮೀಸೆಯ ಅವ್ವ

ಸೋಮವಾರ ಮುಂಜಾನೆ ಸವಣೂರಿನ ವೀಳ್ಯದೆಲೆ ತೋಟದ ಮಲ್ಲೇಶಪ್ಪನಿಗೆ ಚಿಕ್ಕೇರೂರಿನಿಂದ ಒಂದು ಕಾರ್ಡು ಬಂತು. "ಕೂಸು ನಿನಗ ಅವ್ವ ಅಂತೈತಂತ. ಸೋಮವಾರ ಮೋಟಾರಿಗೆ ಬಂದು ಕಣ್ಣಾರೆ ನೋಡಿ, ಮುಂದಿಂದು ಹೇಳ್ತೇನಿ. ವೀರವ್ವ."

ವೀರವ್ವ ಕೂಸಿನ ಸೋದರತ್ತೆ. ಮೂರು ವರ್ಷದ ಹಿಂದೆ ತನ್ನ ತಂಗಿ, ತಂಗಿಯ ಗಂಡ ಒಂದೇ ವಾರದಲ್ಲಿ ತೀರಿಕೊಂಡಾಗ, ಮದುವೆಯಾಗದ ಮಲ್ಲೇಶಪ್ಪ ಅವರ ಎಂಟು ತಿಂಗಳ ಕೂಸು ಅನ್ನವ್ವನನ್ನು ಎಲೆಬುಟ್ಟಿಯಲ್ಲಿಟ್ಟು ಮನೆಗೆ ತಂದಿದ್ದ. ಏನು ಮಾಡಿದರೂ ಅಳು ನಿಲ್ಲಲಿಲ್ಲ. ಕೊನೆಗೆ ತಂಗಿಯ ಸೀರೆಯನ್ನೇ ಧೋತರದ ಮೇಲೆ ಸುತ್ತಿಕೊಂಡು ಎತ್ತಿಕೊಂಡ, ಕೂಸು ನಿದ್ದೆಹೋಯಿತು. ಅಂದಿನಿಂದ ದಿನಾ ಸಂಜೆ ಸೀರೆಯುಟ್ಟು ಎಲೆಬಳ್ಳಿಗಳ ನಡುವೆ ಜೋಗುಳ ಹಾಡುತ್ತ ತಿರುಗುವುದು ಅವನ ಪದ್ಧತಿ. ಮಾತು ಬಂದಾಗ ಅನ್ನವ್ವ ಅವನ ದಪ್ಪ ಮೀಸೆ ಹಿಡಿದು "ಅವ್ವ" ಎಂದಳು. ಊರು ನಕ್ಕಿತು. ಅವನಿಗೆ ನಾಚಿಕೆಯಾಗಲಿಲ್ಲ. ಅದುವರೆಗೆ ಆ ಮನೆಯಲ್ಲಿ ಅವನನ್ನು ಏನೆಂದಾದರೂ ಕರೆಯುವವರು ಯಾರಿದ್ದರು?

"ಗಂಡಸಿಗೆ ಅವ್ವ ಅನ್ನೋ ಕೂಸನ್ನ ಯಾರು ಬಿಟ್ಟಾರು? ಒಯ್ದೇ ಒಯ್ತಾಳ!" ನೆರೆಮನೆಯ ಮಹಾದೇವಕ್ಕ ಸೆರಗು ಬಿಗಿದು ನಿಂತಳು. "ಮೊದಲ ಆ ಸೀರಿ ಮುಚ್ಚಿಡು. ಇವತ್ತ ಮಧ್ಯಾಹ್ನ ಆಕಿ ಬರೋದ್ರಾಗ ಮಾವ ಅನ್ನೋದು ಕಲಸೂಣ."

ಅಂಗಡಿಯ ಫಕ್ರುಸಾಬ ಜೇಬಿನ ತುಂಬ ಸವಣೂರಿನ ಕುರುಕಲು ತಿಂಡಿ ಖಾರ ತುಂಬಿಕೊಂಡು ಬಂದ.

"ಅನ್ನವ್ವಾ, ಮಾವ ಅನ್ನವ್ವಾ!"

"ಅವ್ವ."

"ಅವ್ವ ಅಲ್ಲವ್ವಾ, ಮಾವ ನೋಡವ್ವಾ!"

ಮಾತಿಗೊಮ್ಮೆ ತಾವೇ ಅವ್ವಾ ಅವ್ವಾ ಎನ್ನುತ್ತ, ಅವ್ವ ಅನ್ನಬೇಡ ಎಂದರೆ ಕೂಸಾದರೂ ಏನು ಮಾಡೀತು? ಫಕ್ರುಸಾಬ ಖಾರ ತೋರಿಸಿದ ಮೇಲೆ ಪಾಠ ಹತ್ತಿತು. "ಮಾವ" ಎಂದರೆ ಒಂದು ಮುಷ್ಟಿ. ಆಮೇಲೆ ತಡೆಯುವವರಿಲ್ಲ. ಮಹಾದೇವಕ್ಕನೂ ಮಾವ, ಕರುವೂ ಮಾವ, ಒರಳುಕಲ್ಲೂ ಮಾವ. ಎಲ್ಲರೂ ನಕ್ಕರು. ಮಲ್ಲೇಶಪ್ಪನೂ ನಕ್ಕು, ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ. ಇದೊಂದು ದಿನದ ಮಟ್ಟಿಗೆ ಎಂದು ಸಮಾಧಾನ ಮಾಡಿಕೊಂಡ.

ಪೆಟ್ರೋಲೆಲ್ಲ ಯುದ್ಧಕ್ಕೆ ಹೋಗಿದ್ದ ಕಾಲ. ಇದ್ದಲಿನಿಂದ ಓಡುವ ಮೋಟಾರು ಬಸ್ಸಿನಿಂದ ವೀರವ್ವ ಮುಖವೆಲ್ಲ ಮಸಿಯಾಗಿ ಇಳಿದಳು. ಮನೆಗೆ ಬಂದವಳೇ ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡು, "ಇಂವ ಯಾರವ್ವಾ?" ಎಂದಳು.

"ಮಾವ!"

ಮಹಾದೇವಕ್ಕ ಗೆದ್ದವಳಂತೆ ಸುತ್ತ ನೋಡಿದಳು.

ವೀರವ್ವ ನಿಟ್ಟುಸಿರು ಬಿಟ್ಟಳು. "ಮಂದಿ ಹೇಳಿದ್ದು ಸುಳ್ಳಾತು ಬಿಡು. ಅವ್ವ ಅಂತಿದ್ರ ನಾ ಮುಟ್ಟತಿದ್ದಿಲ್ಲ. ಒಮ್ಮೆ ಅವ್ವನ್ನ ಕಳಕೊಂಡ ಕೂಸು, ಇನ್ನೊಮ್ಮೆ ಹೆಂಗ ಅಗಲಿಸಲಿ? ನಿನಗಂತ ಹೊಸಾ ಸೀರಿ ಸೈತ ತಂದಿದ್ದೆ. ಮಾವ ಆದ್ರ ಏನೈತಿ, ನಾ ಒಯ್ತೇನಿ, ಸಾಲಿ ಸೂಟ್ಯಾಗ ಕೂಸು ಬಂದು ಹೋದ್ರಾತು."

ಮಲ್ಲೇಶಪ್ಪ ಎಲೆಬುಟ್ಟಿಯಲ್ಲಿ ಮುಚ್ಚಿಟ್ಟಿದ್ದ ಹಳೆಯ ಸೀರೆ ಎಳೆದು ಸುತ್ತಿಕೊಂಡ. "ಅಕ್ಕಾರ, ಆಕಿ ನನಗ ಅವ್ವನ ಅಂತಾಳ್ರಿ! ಅನ್ನವ್ವಾ, ನಾ ಯಾರು ಹೇಳು?"

"ಮಾವ!" ಅನ್ನವ್ವ ಕೈಚಾಚಿದಳು. ರೂಢಿ ಬಿದ್ದಿದ್ದ ಫಕ್ರುಸಾಬನ ಕೈ ತಾನಾಗಿ ಜೇಬಿಗೆ ಹೋಯಿತು.

ಸಂಜೆ ವೀರವ್ವ ಕೂಸಿನೊಡನೆ ಹತ್ತಿ ಕೂತ ಮೋಟಾರು ಚಾಲೂ ಆಗಲಿಲ್ಲ. "ದಬ್ಬರಿ!" ಎಂದ ಡ್ರೈವರ್. ಬಿಚ್ಚುವುದನ್ನೂ ಮರೆತ ಸೀರೆಯಲ್ಲೇ ಮಲ್ಲೇಶಪ್ಪ ಮಂದಿಯ ಜೊತೆ ಹಿಂದಿನಿಂದ ದಬ್ಬಿದ. ಖಾರ ಮುಗಿದಿತ್ತು. ಕಿಟಕಿಯಿಂದ ಕೂಗು ಕೇಳಿತು:

"ಅವ್ವಾ! ಅವ್ವಾ!"

ಅವನು ಓಗೊಡಲು ಬಾಯಿ ತೆರೆದ. ಅಷ್ಟರಲ್ಲಿ ಒಳಗಿನಿಂದ ವೀರವ್ವ ಅಂದಳು:

"ಯಾಕವ್ವಾ? ನಾ ಇಲ್ಲೇ ಇದ್ದೇನಲ್ಲ."

ಮೋಟಾರು ಚಾಲೂ ಆಯಿತು.